ಎಲ್ಲಾ ಕಡೆ ಓಡಬೇಕು, ಸರಿ; ಓಡಿಸೋರು ಯಾರು?

2021ರ ಫೆಬ್ರವರಿಯ ಎರಡನೇ ವಾರ ಎಷ್ಟೋ ಸಾಫ್ಟ್‌ವೇರ್ ಟೀಮುಗಳ ಬಿಲ್ಡ್‌ಗಳು ಒಟ್ಟೊಟ್ಟಿಗೆ ಮುರಿದುಬಿದ್ದವು. ಕಾರಣ, ಪೈಥಾನ್‌ನ ‘ಕ್ರಿಪ್ಟೋಗ್ರಫಿ’ ಲೈಬ್ರರಿಯ 3.4ನೇ ಆವೃತ್ತಿ. ಈ ಲೈಬ್ರರಿಯನ್ನು ನೀವಾಗಿ ಹೆಸರು ಹಿಡಿದು ಕರೆದಿರಲಿಕ್ಕಿಲ್ಲ. ಬೇರೆ ಯಾವುದೋ ಪ್ಯಾಕೇಜಿನ ಬೆನ್ನು ಹತ್ತಿ ಅದು ನಿಮ್ಮ ಪ್ರಾಜೆಕ್ಟಿನೊಳಗೆ ಬಂದು ಕೂತಿರುತ್ತೆ. ಅಲ್ಲಿಯವರೆಗೆ ಅದನ್ನು ಸೋರ್ಸ್‌ನಿಂದ ಕಟ್ಟೋದಕ್ಕೆ ಸಿ ಕಂಪೈಲರ್ ಇದ್ದರೆ ನಡೀತಿತ್ತು, ಈಗ ರಸ್ಟ್ ಕಂಪೈಲರೂ ಬೇಕಾಯ್ತು. ಅದನ್ನು ನಡೆಸುತ್ತಿದ್ದ ಕೆಲವೇ ಸ್ವಯಂಸೇವಕರು ಕೊಟ್ಟ ಕಾರಣ ಸರಳ: ಹೊರಗಿನಿಂದ ಬರುವ, ನಂಬಲಾಗದ ಡೇಟಾವನ್ನು ಬಿಡಿಸಿ ಓದುವ ಕೆಲಸಕ್ಕೆ ಸಿ ಭಾಷೆ ಅಪಾಯ.

ಸಾಮಾನ್ಯ ಲಿನಕ್ಸ್, ವಿಂಡೋಸ್, ಮ್ಯಾಕ್ ಬಳಸುವವರಿಗೆ ಇದು ತಿಳಿಯಲೇ ಇಲ್ಲ. ಮೊದಲೇ ಕಟ್ಟಿಟ್ಟ ‘ವೀಲ್’ ಫೈಲು ಅವರಿಗೆ ಸಿಗುತ್ತಿತ್ತು. ಪೆಟ್ಟು ತಿಂದವರಲ್ಲಿ ಎರಡು ಪಂಗಡ. ಒಂದು, ಡಾಕರ್ ಇಮೇಜ್ ಸಣ್ಣದಾಗಲಿ ಅಂತ ಆಲ್ಪೈನ್ ಲಿನಕ್ಸ್ ಆರಿಸಿಕೊಂಡವರು. ಆಲ್ಪೈನ್‌ನ ಸಿ ಲೈಬ್ರರಿಯೇ ಬೇರೆ, ಅದಕ್ಕೆ ಹೊಂದುವ ವೀಲ್ ಆಗಿನ್ನೂ ಇರಲಿಲ್ಲ. ಎರಡು, ಜೆಂಟೂ, ಡೆಬಿಯನ್‌ನಂಥ ಕಡೆ ಆಲ್ಫಾ, ಎಚ್‌ಪಿಪಿಎ, ಎಂ68ಕೆ ಮೊದಲಾದ ಹಳೇ ಪ್ರೊಸೆಸರ್‌ಗಳಿಗೆ ವ್ಯವಸ್ಥೆಯನ್ನು ಜೀವಂತ ಇಟ್ಟುಕೊಂಡವರು. ರಸ್ಟ್ ನಿಂತಿರೋದು ಎಲ್‌ಎಲ್‌ವಿಎಂ ಮೇಲೆ, ಅದಕ್ಕೆ ಈ ಪ್ರೊಸೆಸರ್‌ಗಳಿಗಾಗಿ ಕೋಡ್ ಹೊರಡಿಸೋದು ಆಗ ಬರುತ್ತಿರಲಿಲ್ಲ. ಮೊದಲ ಪಂಗಡದವರು ಒಂದು ಕಂಪೈಲರ್ ಹಾಕಿಕೊಂಡರೆ ಮುಗೀತು, ಎರಡನೆಯವರಿಗೆ ದಾರಿಯೇ ಇಲ್ಲ.

ಆದ್ರೆ ಗಲಾಟೆ ಜೋರಾಗಿ ಕೇಳಿಸಿದ್ದು ಮೊದಲ ಪಂಗಡದಿಂದ. ನಾನಾಗ ಇದ್ದ ಟೀಮಿನ ಚಾಟ್‌ನಲ್ಲೂ ಅವತ್ತು ಬೈಗುಳವೇ. ಒಂದು ರೂಪಾಯಿ ಕೊಡದೆ ವರ್ಷಗಟ್ಟಲೆ ಬಳಸಿದ ವಸ್ತುವಿನ ಮೇಲೆ ಗಿರಾಕಿಯ ದರ್ಪ! ಪುಕ್ಕಟೆ ಸಿಕ್ರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅಂತಾರಲ್ಲ, ಹಾಗೆ. ಇವರ ಬಗ್ಗೆ ಹೆಚ್ಚು ಬರೆಯೋದಕ್ಕೇನಿಲ್ಲ.

ಎರಡನೇ ಪಂಗಡದ ದೂರು ಮಾತ್ರ ನನ್ನನ್ನು ಈಗಲೂ ಕಾಡುತ್ತೆ. ‘ಆ ಯಂತ್ರಗಳಿಗೆ ಸಪೋರ್ಟ್ ಅಂತ ಮೊದಲಿಗೇ ಇರಲಿಲ್ಲ’ ಅನ್ನೋದು ಅವರಿಗೆ ಸಿಕ್ಕ ಉತ್ತರ. ಲೈಬ್ರರಿಯವರು ಅವುಗಳ ಮೇಲೆ ಯಾವತ್ತೂ ಪರೀಕ್ಷೆ ನಡೆಸಿರಲಿಲ್ಲ, ಓಡಿದ್ದು ಸಿ ಕೋಡಿನ ದೆಸೆಯಿಂದ. ವಾದ ತಪ್ಪಲ್ಲ, ಆದ್ರೆ ಅರ್ಧ. ಆ ಕೋಡನ್ನು ಆ ಯಂತ್ರದ ಮೇಲೆ ಕಟ್ಟಿ ನೋಡಿ, ಮುರಿದಲ್ಲಿ ತೇಪೆ ಹಾಕಿ, ಪ್ಯಾಕೇಜ್ ಮಾಡಿದವರೂ ಸಂಬಳವಿಲ್ಲದೆ ರಾತ್ರಿ ಕೂತು ಮಾಡಿದವರೇ. ‘ಇರಲಿಲ್ಲ’ ಅಂದಾಗ ಇಲ್ಲವಾಗೋದು ಅವರ ದುಡಿಮೆ. ಸಪೋರ್ಟ್ ಅನ್ನೋ ಒಂದೇ ಪದದಲ್ಲಿ ‘ಓಡುತ್ತೆ’ ಮತ್ತು ‘ಓಡದಿದ್ರೆ ನಾನು ನೋಡ್ಕೋತೀನಿ’ ಎರಡನ್ನೂ ತುರುಕಿದ್ದೇ ಈ ಜಗಳದ ಮೂಲ. ಬಳಸೋರು ಮೊದಲನೆಯದನ್ನು ನೋಡಿ ಎರಡನೆಯದು ಸಿಕ್ಕಿತು ಅಂದುಕೊಳ್ತಾರೆ. ಬರೆಯೋರು ಎರಡನೆಯದನ್ನು ಕೊಟ್ಟಿಲ್ಲ ಅಂತ ಮೊದಲನೆಯದನ್ನೂ ಕಿತ್ತುಕೊಳ್ತಾರೆ.

ಹಾಗಂತ ‘ಪ್ಯಾಚ್ ಕಳಿಸ್ತೀವಿ, ಸೇರಿಸ್ಕೊಳ್ಳಿ’ ಅನ್ನೋದೂ ಅಷ್ಟು ಸಲೀಸಲ್ಲ. ಪ್ಯಾಚ್ ಬರೆಯೋದು ಒಂದು ವಾರಾಂತ್ಯದ ಮಾತು, ಸಾಕೋದು ಹತ್ತು ವರ್ಷದ್ದು. ನಮ್ಮೂರಲ್ಲಿ ಯಾರಾದ್ರೂ ಪ್ರೀತಿಯಿಂದ ಎಮ್ಮೆ ಕರು ಕೊಡ್ತೀನಿ ಅಂದ್ರೆ ಅಜ್ಜಿ ಮೊದಲು ಕೇಳ್ತಿದ್ದದ್ದು ಮೇವಿನ ಲೆಕ್ಕ. ಎಲ್ಲಾ ಕರುಗಳನ್ನೂ ಕಟ್ಟಿಕೊಂಡ ಕೊಟ್ಟಿಗೆ ಹೇಗಾಗುತ್ತೆ ಅನ್ನೋದಕ್ಕೆ ಓಪನ್‌ಎಸ್‌ಎಸ್‌ಎಲ್ ಸಾಕ್ಷಿ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಬಯಲಾಯ್ತಲ್ಲ, ಒಂದೊಂದು ಕೋರಿಕೆಗೆ ಸರ್ವರಿನ ಮೆಮೊರಿಯಿಂದ 64 ಕಿಲೋಬೈಟ್‌ವರೆಗೆ ಸೋರಿಸುತ್ತಿದ್ದ ತೂತು? ಆಮೇಲೆ ಓಪನ್‌ಬಿಎಸ್‌ಡಿಯವರು ಆ ಕೋಡನ್ನು ಕವಲೊಡೆಸಿ, ಲಿಬ್ರೆಎಸ್‌ಎಸ್‌ಎಲ್ ಅಂತ ಹೆಸರಿಟ್ಟು, ಗುಡಿಸೋಕೆ ಶುರು ಮಾಡಿದರು. ಓಪನ್‌ವಿಎಂಎಸ್, ಓಎಸ್/2, ನೆಟ್‌ವೇರ್, ಹದಿನಾರು ಬಿಟ್ಟಿನ ವಿಂಡೋಸ್, ಹಳೇ ಮ್ಯಾಕ್, ಎಲ್ಲಕ್ಕೂ ಅಲ್ಲಿ ಕೋಡ್ ಇತ್ತು. ಬಿಗ್ ಎಂಡಿಯನ್ ಎಎಂಡಿ64ಗೂ ಇತ್ತು. ಅಂಥ ಯಂತ್ರವನ್ನು ಯಾರೂ ತಯಾರಿಸಿಯೇ ಇಲ್ಲ ಅನ್ನೋದು ಬೇರೆ ಮಾತು. ಆ ಕಾಡಿನೊಳಗೆ ತೂತು ಹುಡುಕೋಕೆ ಯಾರ ಕಣ್ಣಿಗೆ ತಾಳ್ಮೆ ಇದ್ದೀತು?

ಮೆಚ್ಚಬೇಕಾದ್ದು ಅವರು ಕಿತ್ತ ಮೇಲೆ ಮಾಡಿದ್ದನ್ನು. ಮೂಲ ತಂಡ ಓಪನ್‌ಬಿಎಸ್‌ಡಿಗೆ ಮಾತ್ರ ಬರೆಯುತ್ತೆ, ಮಿಕ್ಕ ವ್ಯವಸ್ಥೆಗಳಿಗೆ ಒಗ್ಗಿಸುವ ಹೊಣೆ ‘ಪೋರ್ಟಬಲ್’ ಅನ್ನುವ ಬೇರೆ ಆವೃತ್ತಿಯದು. ಇದೇ ಜನ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಬಹಳ ಹಿಂದಿನಿಂದ ನಡೆಸಿಕೊಂಡು ಬಂದ ಪದ್ಧತಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಎಚ್ ಆವೃತ್ತಿ ಕೇಳಿ ನೋಡಿ, 9.6ಪಿ1 ಅಂತಲೋ ಏನೋ ಬರುತ್ತೆ. ಆ ‘ಪಿ’ ಅಂದ್ರೆ ಪೋರ್ಟಬಲ್. ದಿನಾ ಸರ್ವರಿಗೆ ಲಾಗಿನ್ ಆಗುವ ನಾವೆಲ್ಲ ಆ ಒಂದಕ್ಷರದ ಋಣದಲ್ಲಿದ್ದೀವಿ.

ಒಗ್ಗಿಸೋದು ಸುಲಭದ ಕೆಲಸವೇನೂ ಅಲ್ಲ. 2014ರ ಜುಲೈನಲ್ಲಿ ಪೋರ್ಟಬಲ್ ಲಿಬ್ರೆಎಸ್‌ಎಸ್‌ಎಲ್ ಬಂದ ಕೆಲವೇ ದಿನಕ್ಕೆ ಲಿನಕ್ಸ್ ಮೇಲೆ ಅದರ ಯಾದೃಚ್ಛಿಕ ಸಂಖ್ಯೆಗಳಲ್ಲಿ ದೋಷ ಸಿಕ್ಕಿತು. ಪ್ರೋಸೆಸ್ ಫೋರ್ಕ್ ಆದಾಗ ಅಪರೂಪದ ಸಂದರ್ಭದಲ್ಲಿ ಅದೇ ಸಂಖ್ಯೆಗಳು ಮತ್ತೆ ಬರಬಹುದಿತ್ತು. ಅದನ್ನು ತಿದ್ದಿದರು. ಆದ್ರೆ ಅದಕ್ಕಿಂತ ಆಳದ ತಕರಾರೊಂದಿತ್ತು: ಫೈಲ್ ತೆರೆಯದೆ ನೇರವಾಗಿ ಯಾದೃಚ್ಛಿಕ ಬೈಟ್‌ಗಳನ್ನು ಕೇಳಿ ಪಡೆಯುವ ಸಿಸ್ಟಮ್ ಕಾಲ್ ಲಿನಕ್ಸ್‌ನಲ್ಲಿ ಇರಲೇ ಇಲ್ಲ, ಓಪನ್‌ಬಿಎಸ್‌ಡಿಯಲ್ಲಿ ಇತ್ತು. ಲಿಬ್ರೆಎಸ್‌ಎಸ್‌ಎಲ್‌ನವರು ಕೇಳಿದರು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಲಿನಕ್ಸ್ 3.17ರಲ್ಲಿ ‘ಗೆಟ್‌ರ‍್ಯಾಂಡಮ್’ ಬಂತು. ನಿಮ್ಮ ವ್ಯವಸ್ಥೆಯ ಕೊರತೆಯನ್ನು ನನ್ನ ಕೋಡಿನಲ್ಲಿ ಮುಚ್ಚಿ ಕೂರಲ್ಲ ಅಂತ ಒಬ್ಬರು ಹಟ ಹಿಡಿದಿದ್ದಕ್ಕೆ ಇವತ್ತು ಎಲ್ಲರಿಗೂ ಅದು ಸಿಗುತ್ತಿದೆ.

ಕ್ರಿಪ್ಟೋಗ್ರಫಿಯವರ ಮೇಲೆ ನನ್ನ ತಕರಾರು ರಸ್ಟ್ ತಂದಿದ್ದಕ್ಕಲ್ಲ. 3.3 ಆದಮೇಲೆ 3.4 ಅಂದ್ರೆ ಯಾರಿಗೆ ಗುಮಾನಿ ಬರುತ್ತೆ? ತಮ್ಮ ಸಂಖ್ಯೆಗಳ ಲೆಕ್ಕ ಬೇರೆ ಅಂತ ಅವರ ದಾಖಲೆಯಲ್ಲಿತ್ತು, ನಿಜ. ಆದ್ರೆ ಆ ಸಾಲನ್ನು ಹುಡುಕಿ ಓದಿದವರೆಷ್ಟು ಜನ? ಮುಂದೆ ಅವರೇ ಪದ್ಧತಿ ಬದಲಿಸಿ ನೇರ 35.0ಕ್ಕೆ ಜಿಗಿದರು. ಆಲ್ಪೈನ್‌ಗೂ ವೀಲ್ ಬಂತು. ಹಳೇ ಯಂತ್ರದವರಿಗೆ ಮಾತ್ರ ‘ಪಿ’ ಆಗಿ ನಿಲ್ಲೋರು ಯಾರೂ ಬರಲಿಲ್ಲ.

ಅದೇ ಹೆಸರುಗಳು 2025ರ ಅಕ್ಟೋಬರ್ ಕೊನೆಗೆ ಮತ್ತೆ ಬಂದವು. ಡೆಬಿಯನ್‌ನ ಏಪಿಟಿಗೆ, ಅಂದ್ರೆ ಪ್ಯಾಕೇಜುಗಳನ್ನು ತಂದು ಹಾಕುವ ಸಾಧನಕ್ಕೇ, 2026ರ ಮೇ ನಂತರ ರಸ್ಟ್ ಕಡ್ಡಾಯ ಮಾಡ್ತೀವಿ, ಅಷ್ಟರಲ್ಲಿ ನಿಮ್ಮ ಪ್ರೊಸೆಸರಿಗೆ ರಸ್ಟ್ ತನ್ನಿ, ಇಲ್ಲಾಂದ್ರೆ ಆ ಪೋರ್ಟನ್ನು ಮುಗಿಸಿ ಅಂತ ಅದರ ನಿರ್ವಾಹಕರು ಘೋಷಿಸಿದರು. ಧಾಟಿ ಒರಟು ಅಂತ ಬೇಜಾರಾದವರು ಹಲವರು. ನನಗೆ ಆ ಒರಟುತನಕ್ಕಿಂತ ಮುಖ್ಯ ಅನ್ನಿಸಿದ್ದು ಅದರಲ್ಲಿದ್ದ ಆರು ತಿಂಗಳ ಗಡುವು. ಆಲ್ಫಾ ಪೆಟ್ಟಿಗೆ ಇಟ್ಟುಕೊಂಡವನಿಗೆ 2021ರಲ್ಲಿ ಗೊತ್ತಾಗಿದ್ದು ಬಿಲ್ಡ್ ಮುರಿದ ಮೇಲೆ. ಈ ಸಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳೋಕೆ ಒಂದು ತಿಂಗಳಾದ್ರೂ ಸಿಕ್ಕಿದೆ. ಜಿಸಿಸಿಯ ಮೂಲಕವೇ ರಸ್ಟ್ ಕಟ್ಟುವ ಪ್ರಯತ್ನವೂ ಒಂದು ಕಡೆ ನಡೀತಾ ಇದೆ, ಅದೂ ಮುಖ್ಯವಾಗಿ ಈ ಹಳೇ ಪೆಟ್ಟಿಗೆಗಳನ್ನು ಬಿಟ್ಟುಕೊಡದವರು ಕಾಯುತ್ತಿರುವ ಕೆಲಸ.