ನೆಪವೂ ಕಾರಣವೂ

ದೇಹದ ತೂಕವನ್ನು ಇಳಿಸಬೇಕೆಂದು ಸಂಕಲ್ಪ ಮಾಡಿದವರು ಅದನ್ನು ಮುಂದೂಡುವಾಗ ಹೇಳುವ ಸಮಾಧಾನಗಳನ್ನು ಆಲಸ್ಯದ ಮಾತೆಂದು ತಳ್ಳಿಹಾಕುವುದು ಸುಲಭವಾದರೂ, ಎರ್ನಾಕುಲಂ ನಗರದಲ್ಲಿ ನೆಲಸಿರುವ ನಮ್ಮ ದಕ್ಷಿಣ ಕನ್ನಡದ ಕುಟುಂಬಗಳಲ್ಲಿ ಆ ಮಾತುಗಳನ್ನು ಬಹುಕಾಲ ಕೇಳಿದ ಮೇಲೆ, ಅವೂ ವಿಮರ್ಶೆಗೆ ಅರ್ಹವಾದುವೆಂದು ನನಗೆ ತೋರಿದೆ. ಹೊಟೇಲಿನ ಉದ್ಯಮದಿಂದಲೋ ಬ್ಯಾಂಕಿನ ವರ್ಗಾವಣೆಯಿಂದಲೋ ಬಂದು ಇಲ್ಲಿಯೇ ನೆಲೆನಿಂತ ಈ ಮನೆಗಳಲ್ಲಿ ಎರಡು ನಾಡುಗಳ ಪಂಚಾಂಗಗಳು ಜೊತೆಜೊತೆಯಾಗಿ ನಡೆಯುತ್ತವೆ. ಜುಲೈ ತಿಂಗಳ ಜಡಿಮಳೆಯಲ್ಲಿ “ಆಟಿ ಒಂದು ಕಳೀಲಿ ಮಾರಾಯ್ರೆ, ಮತ್ತೆ ನೋಡುವಾ” ಎಂದವರಿಗೆ ತುಳುವರ ಆ ಆಟಿ ತಿಂಗಳು ಕಳೆಯುವಷ್ಟರಲ್ಲಿ ಮಲಯಾಳಿಗಳ ಚಿಂಗ ಮಾಸವು ಓಣಂ ಹಬ್ಬದೂಟದ ಎಲೆಯನ್ನೂ ಅಡಪ್ರಥಮನ್ ಪಾಯಸವನ್ನೂ ಮುಂದಿಡುತ್ತದೆ. ಅದರ ಆಸುಪಾಸಿನಲ್ಲಿಯೇ ಅಷ್ಟಮಿಯ ಉಂಡೆ ಚಕ್ಕುಲಿ, ಚೌತಿಯ ಕಡುಬು. ವೃಶ್ಚಿಕದಲ್ಲಿ ತೃಪ್ಪೂಣಿತ್ತುರದ ಪೂರ್ಣತ್ರಯೀಶನ ಎಂಟು ದಿನಗಳ ಉತ್ಸವ, ರಾತ್ರಿಯೆಲ್ಲ ಕಥಕಳಿ ನೋಡಿ ಬಂದವರಿಗೆ ಬೆಳಗಿನ ನಡಿಗೆಯೆಲ್ಲಿಯದು. ಮೀನಮಾಸಕ್ಕೆ ಮೈಯೆಲ್ಲ ಬೆವರುವ ಸೆಖೆ, ಅನಂತರ ವಿಷು, ಮೇ ತಿಂಗಳಲ್ಲಿ ಊರಿನ ಮದುವೆಗಳು, ಅಷ್ಟರಲ್ಲಿ ಮತ್ತೆ ಮಳೆ.

ಈ ನೆಪಗಳಲ್ಲಿ ಒಂದೂ ಸುಳ್ಳಲ್ಲವೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಮಳೆ ನಿಜವಾಗಿಯೂ ಸುರಿಯುತ್ತದೆ, ಎಂ.ಜಿ. ರಸ್ತೆಯಲ್ಲಿ ನೀರು ನಿಜವಾಗಿಯೂ ನಿಲ್ಲುತ್ತದೆ, ನೆಂಟರ ಮನೆಯಲ್ಲಿ ಪಾಯಸವನ್ನು ಬೇಡವೆಂದರೆ ಬಡಿಸಿದವರ ಮುಖ ನಿಜವಾಗಿಯೂ ಬಾಡುತ್ತದೆ. ಆದುದರಿಂದ ನೆಪವನ್ನು ಸತ್ಯಾಸತ್ಯಗಳಿಂದ ಅಳೆಯುವ ವಾಡಿಕೆಯೇ ತಪ್ಪೆಂದು ನನ್ನ ಅಭಿಪ್ರಾಯ. ಮಳೆ ಬಂತೆಂದು ಹೇಳಿದವನು ಮನೆಯ ಮೆಟ್ಟಿಲುಗಳನ್ನೇ ಹತ್ತಿಳಿದರೆ ಅವನು ಹೇಳಿದ್ದು ಕಾರಣವಾಗುತ್ತದೆ. ಅದೇ ಮಾತನ್ನು ಹೇಳಿ ಆ ದಿನದ ವಿಚಾರವನ್ನೇ ಮುಚ್ಚಿಬಿಟ್ಟರೆ ಅದು ನೆಪವಾಗುತ್ತದೆ. ಮಾತು ಒಂದೇ, ಅದನ್ನು ಹೇಳಿದ ಮೇಲೆ ಮನುಷ್ಯನು ಏನು ಮಾಡಿದನೆಂಬುದೇ ಪರೀಕ್ಷೆ.

ಎಲ್ಲಕ್ಕಿಂತ ಪ್ರಬಲವಾದ ಸಮಾಧಾನವೆಂದರೆ “ನಾನು ಏನೂ ತಿನ್ನುವುದಿಲ್ಲ, ಆದರೂ ದಪ್ಪವಾಗುತ್ತೇನೆ” ಎಂಬುದು. ಇದನ್ನು ಹೇಳುವವರು ಮೋಸಗಾರರಲ್ಲ. 1992ರಲ್ಲಿ ನ್ಯೂಯಾರ್ಕಿನ ವೈದ್ಯರು, ಅಲ್ಪಾಹಾರದಿಂದಲೂ ತೂಕ ಇಳಿಯುತ್ತಿಲ್ಲವೆಂದು ದೂರುತ್ತಿದ್ದ 10 ಮಂದಿ ಸ್ಥೂಲಕಾಯರು ಬರೆದಿಟ್ಟ ಲೆಕ್ಕವನ್ನು ಅವರ ದೇಹವು ವ್ಯಯಿಸಿದ ಶಕ್ತಿಯ ಮಾಪನದೊಡನೆ ಹೋಲಿಸಿ ನೋಡಿದರು. ತಿಂದುದರಲ್ಲಿ ಸುಮಾರು ಶೇಕಡಾ 47ರಷ್ಟು ಲೆಕ್ಕದಿಂದ ಬಿಟ್ಟುಹೋಗಿತ್ತು, ಮಾಡಿದ ಶ್ರಮವನ್ನು ಶೇಕಡಾ 51ರಷ್ಟು ಹೆಚ್ಚಾಗಿ ಬರೆದಿದ್ದರು. ದೇಹದ ಚಯಾಪಚಯ ಕ್ರಿಯೆಯಲ್ಲಿ ವಿಶೇಷವಾದ ಮಾಂದ್ಯವೇನೂ ಕಾಣಲಿಲ್ಲ. ಇಲ್ಲಿಯ ಅಡುಗೆಮನೆಯೊಂದರಲ್ಲಿ ಅರ್ಧ ಗಂಟೆ ನಿಂತವರಿಗೆ ಇದು ಆಶ್ಚರ್ಯವೆನಿಸದು. ಪಾಯಸಕ್ಕೆ ಬೆಲ್ಲ ಹದವಾಯಿತೋ ಎಂದು ಎರಡು ಸಲ ಅಂಗೈಗೆ ಹಾಕಿಕೊಂಡು ನೋಡುವುದು, ಮಗು ಬಿಟ್ಟ ಅರ್ಧ ದೋಸೆಯನ್ನು ಎಸೆಯಲಾರದೆ ಒಲೆಯ ಬಳಿಯೇ ನಿಂತು ತಿನ್ನುವುದು, ಬಂದವರೊಡನೆಲ್ಲ ಒಂದೊಂದು ಲೋಟ ಸಕ್ಕರೆಯ ಚಹಾ ಕುಡಿಯುವುದು: ಇವೊಂದೂ ಊಟವಲ್ಲವಾದ್ದರಿಂದ ನೆನಪಿನಲ್ಲಿ ಉಳಿಯುವುದಿಲ್ಲ. ಗಂಡಸರ ಲೆಕ್ಕವೂ ಇದಕ್ಕಿಂತ ಶುದ್ಧವಲ್ಲ. ಎಪ್ಪತ್ತು ಕಿಲೋ ತೂಗುವವರು ಮರೈನ್ ಡ್ರೈವಿನ ಹಿನ್ನೀರ ದಂಡೆಯಲ್ಲಿ ನಾಲ್ಕು ಕಿಲೋಮೀಟರು ನಡೆದರೆ ವ್ಯಯವಾಗುವುದು ಸುಮಾರು 200 ಕ್ಯಾಲೊರಿ. “ಇಷ್ಟು ನಡೆದಾಯಿತಲ್ಲ” ಎಂದು ಚಹಾದಂಗಡಿಯಲ್ಲಿ ನೇಂದ್ರ ಹಣ್ಣಿನ ಪೋಡಿ ತಿಂದು ಚಹಾ ಕುಡಿದರೆ, ಬೆವರು ಆರುವ ಮೊದಲೇ ಅದೆಲ್ಲ ಮರಳಿ ಬಂದಿರುತ್ತದೆ.

ಇನ್ನೊಂದು ಸಮಾಧಾನವಾದ ಥೈರಾಯ್ಡಿನ ಮಾತನ್ನು ಇಲ್ಲಿ ದೀರ್ಘವಾಗಿ ಬೆಳೆಸಬೇಕಾಗಿಲ್ಲ. ಅದರ ಕೊರತೆಯಿಂದ ಸಾಮಾನ್ಯವಾಗಿ ಏರುವ ತೂಕ ಎರಡರಿಂದ ಐದು ಕಿಲೋ, ಅದರಲ್ಲಿಯೂ ಬಹುಭಾಗ ನೀರು ಮತ್ತು ಉಪ್ಪು, ಅದಕ್ಕೆ ಮಾತ್ರೆಯಿದೆ. ಅದಕ್ಕೂ ಮೀರಿ ಏರಿದ ತೂಕವನ್ನೂ ಆ ಗ್ರಂಥಿಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ.

ಆದರೆ ನನ್ನ ಆಕ್ಷೇಪಣೆಯ ಮುಖ್ಯಾಂಶವು ನೆಪ ಹೇಳುವವರ ಮೇಲಲ್ಲ, ಕೇಳುವವರ ಮೇಲೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕೇರಳದ ವಯಸ್ಕ ಹೆಂಗಸರಲ್ಲಿ ನೂರಕ್ಕೆ 38 ಮಂದಿಯೂ ಗಂಡಸರಲ್ಲಿ 36 ಮಂದಿಯೂ ಮಿತಿಮೀರಿದ ತೂಕದವರು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚಿನವರಲ್ಲಿ ಕಾಣುವ ಸಂಗತಿಯನ್ನು ಒಬ್ಬೊಬ್ಬರ ಶೀಲದೋಷವೆಂದು ವಿಚಾರಿಸುವುದು ಎಷ್ಟರಮಟ್ಟಿಗೆ ಸರಿ? ನಸುಕಿನಲ್ಲೆದ್ದು ಎರಡು ಬಗೆಯ ತಿಂಡಿ, ಮೂರು ಡಬ್ಬಿ ಊಟ ಸಿದ್ಧಪಡಿಸಿ, ಅತ್ತೆಗೆ ಔಷಧಿ ಕೊಟ್ಟು, ಒಂಬತ್ತರ ಬಸ್ಸು ಹಿಡಿಯುವ ಸೊಸೆಯು “ನನಗೆ ಪುರುಸೊತ್ತಿಲ್ಲ” ಎಂದಾಗ, ನಿವೃತ್ತನಾಗಿ ದಿನವೂ ಒಂದು ಗಂಟೆ ನಡೆದು ಬರುವ ಮಾವನು “ಮನಸ್ಸು ಬೇಕಮ್ಮ, ಮನಸ್ಸು” ಎಂದು ಉಪದೇಶಿಸುವುದನ್ನು ನಾನು ಕೇಳಿದ್ದೇನೆ, ಕೇಳಿ ನೊಂದಿದ್ದೇನೆ. ಅವನ ನಡಿಗೆಯ ಆ ಒಂದು ಗಂಟೆಯನ್ನು ಸಾಧ್ಯಮಾಡಿಕೊಟ್ಟವಳು ಅವಳೇ. ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲಿ ರಾತ್ರಿಪಾಳಿ ಮಾಡಿ, ಬೆಳಗ್ಗೆ ಕಣ್ಣು ಉರಿಯುತ್ತ ಮನೆಗೆ ಬರುವ ಹುಡುಗನ ಮಾತನ್ನೂ ನಾವು ಇದೇ ಉದಾಸೀನದಿಂದ ಕೇಳುತ್ತೇವೆ. ನೆಂಟರ ಪಂಕ್ತಿಯಲ್ಲಿ, ವೈದ್ಯರ ಕೋಣೆಯಲ್ಲಿ, “ಯಾಕೆ ಇಳಿದಿಲ್ಲ?” ಎಂಬ ಪ್ರಶ್ನೆಯನ್ನು ನಾಚಿಕೆ ಹುಟ್ಟಿಸುವಂತೆ ಕೇಳಿದರೆ, ನಾಚಿಕೆಯನ್ನು ಮುಚ್ಚುವ ಉತ್ತರವೇ ಬರುತ್ತದೆ.

ಬೇರೆ ರೀತಿಯಲ್ಲಿ ಕೇಳಿ ನೋಡಿದ ಒಂದು ಪ್ರಯತ್ನವು ಇದೇ ರಾಜ್ಯದಲ್ಲಿ ನಡೆದಿದೆ. ತಿರುವನಂತಪುರಂ ಜಿಲ್ಲೆಯ 60 ಮತಗಟ್ಟೆ ಪ್ರದೇಶಗಳಲ್ಲಿ, ಮಧುಮೇಹದ ಅಪಾಯವುಳ್ಳ 30ರಿಂದ 60 ವರ್ಷದ 1,007 ಜನರನ್ನು ಆರಿಸಿ, ಅರ್ಧದಷ್ಟು ಪ್ರದೇಶಗಳವರನ್ನು ನೆರೆಕರೆಯವರ ಗುಂಪುಗಳಾಗಿ ಕೂಡಿಸಿ, ಅವರೊಳಗೊಬ್ಬರನ್ನೇ ಮುಂದಾಳಾಗಿ ತರಬೇತುಗೊಳಿಸಿ, ಊಟ, ನಡಿಗೆ, ಅಡ್ಡಿ ಆತಂಕಗಳನ್ನು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುವಂತೆ ಏರ್ಪಡಿಸಿದ್ದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡು ವರ್ಷಗಳಲ್ಲಿ ಮಧುಮೇಹಕ್ಕೆ ತುತ್ತಾದವರು ಈ ಗುಂಪುಗಳಲ್ಲಿ ಶೇಕಡಾ 14.9, ಉಳಿದವರಲ್ಲಿ 17.1, ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಈ ಅಂತರವು ನಿರ್ಣಾಯಕವಲ್ಲ. ಇದನ್ನು ದೊಡ್ಡ ವಿಜಯವೆಂದು ಹೊಗಳುವುದು ತಪ್ಪಾದೀತು. ಆದರೂ ಆ ಗುಂಪುಗಳಲ್ಲಿ ಹಣ್ಣು ತರಕಾರಿಗಳ ಸೇವನೆ ಹೆಚ್ಚಿತು, ಮದ್ಯಪಾನ ತಗ್ಗಿತು. ಎರ್ನಾಕುಲಂನ ನಮ್ಮ ಕನ್ನಡ ಕುಟುಂಬಗಳು ಹಬ್ಬ ಹರಿದಿನಗಳಲ್ಲಿ ಕೂಡುವಾಗ ಇಂಥದೊಂದು ಕೂಟವನ್ನು ನಡೆಸುವುದಾದರೆ, ಅಲ್ಲಿ ಮೊದಲು ಮಾತನಾಡತಕ್ಕವರು ನಡಿಗೆಯಲ್ಲಿ ಪಳಗಿದ ಮಾವಂದಿರಲ್ಲ, ಒಂಬತ್ತರ ಬಸ್ಸು ಹಿಡಿಯುವ ಸೊಸೆಯಂದಿರು. ಬೆಳಗಿನ ಆ ಮೂರು ಡಬ್ಬಿಗಳಲ್ಲಿ ಒಂದನ್ನಾದರೂ ಮನೆಯಲ್ಲಿ ಬೇರೆ ಯಾರು ತುಂಬಬಲ್ಲರೆಂಬುದು ಆ ಕೂಟದ ಮೊದಲನೆಯ ವಿಚಾರವಾಗಬೇಕು.