ಹಳೆಯ ಸರ್ವರಿಗೆ ಹೊಸ ಮೆಮೊರಿ: ಪಿಎಇ ಕರ್ನೆಲಿನ ಗುಣದೋಷ

ಮೂವತ್ತೆರಡು ಬಿಟ್ಟಿನ ಲಿನಕ್ಸಿನಲ್ಲಿ ವರ್ಷಗಟ್ಟಲೆ ನಡೆದುಬಂದ ಸರ್ವರೊಂದಕ್ಕೆ 8 ಜಿಬಿ ರ‍್ಯಾಮ್ ಹಾಕಿ, ಬಯೋಸಿನ ಪರದೆಯ ಮೇಲೆ ಆ ಮೊತ್ತವನ್ನು ಕಣ್ಣಾರೆ ಕಂಡು, ಅನಂತರ ‘ಫ್ರೀ’ ಎಂಬ ಆಜ್ಞೆಯಿತ್ತಾಗ ಮೂರು ಜಿಬಿಯ ಮೇಲೆ ಚಿಲ್ಲರೆಯಷ್ಟನ್ನೇ ಅದು ಒಪ್ಪಿಕೊಳ್ಳುವುದಾದರೆ, ಬಲ್ಲವರು ಕೊಡುವ ಸಲಹೆ ಬಹುಮಟ್ಟಿಗೆ ಒಂದೇ: ಪಿಎಇ ಕರ್ನೆಲನ್ನು ಹಾಕಿಕೊಳ್ಳಿರಿ. ಹಾಕಿಕೊಂಡೊಡನೆ ಸಂಖ್ಯೆ ಸರಿಹೋಗುತ್ತದೆ. ಸಂಖ್ಯೆ ಸರಿಹೋದಮೇಲೆ ಪ್ರಶ್ನೆ ಕೇಳುವವರಿಲ್ಲ. ಆದರೆ ಯಂತ್ರವು ಮೆಮೊರಿಯನ್ನು ಕಂಡಿತೆಂದ ಮಾತ್ರಕ್ಕೆ ಅದನ್ನು ಪೂರ್ಣವಾಗಿ ಬಳಸಬಲ್ಲುದೆಂದು ನಂಬುವುದು ಅವಸರದ ತೀರ್ಮಾನವೆಂದೂ, ಪಿಎಇ ಎಂಬ ಈ ಉಪಾಯದ ಬೆಲೆಯನ್ನು ಕಟ್ಟಬೇಕಾದುದು ಆ ಸಂಖ್ಯೆಯಿಂದಲ್ಲವೆಂದೂ ನನ್ನ ಅಭಿಪ್ರಾಯ.

ಮೆಮೊರಿ ಕಣ್ಣಿಗೆ ಬೀಳುವುದೇ ಒಂದು ಕಾಲದಲ್ಲಿ ಸಾಧನೆಯಾಗಿದ್ದಿತೆಂಬುದನ್ನು ಮರೆಯಲಾಗದು. ಲಿನಕ್ಸ್ 2.0ರ ದಿನಗಳಲ್ಲಿ ಕರ್ನೆಲ್ ಕೇಳಿದ ಪ್ರಶ್ನೆಗೆ ಬಯೋಸ್ ಉತ್ತರ ಕೊಡುತ್ತಿದ್ದುದು ಹದಿನಾರು ಬಿಟ್ಟಿನ ರಿಜಿಸ್ಟರೊಂದರಲ್ಲಿ, ಅದೂ ಕಿಲೋಬೈಟುಗಳ ಲೆಕ್ಕದಲ್ಲಿ. ಆದುದರಿಂದ 64 ಎಂಬಿಯ ಆಚೆಗಿನದನ್ನು ಹೇಳಲು ಆ ಉತ್ತರಕ್ಕೆ ಬಾಯಿಯೇ ಇರಲಿಲ್ಲ. ನಿರ್ವಾಹಕನು, ಕರ್ನೆಲನ್ನು ಎಬ್ಬಿಸುವ ಲಿಲೋ ತಂತ್ರಾಂಶದ ಕಡತದಲ್ಲಿ ‘ಮೆಮ್=128ಎಂ’ ಎಂದು ಕೈಯಾರೆ ಬರೆದು, ಲಿಲೋವನ್ನು ಮತ್ತೊಮ್ಮೆ ಓಡಿಸಿ (ಇದನ್ನು ಮರೆತರೆ ಬರೆದುದೆಲ್ಲ ವ್ಯರ್ಥ), ಯಂತ್ರವನ್ನು ಮರಳಿ ಎಬ್ಬಿಸಬೇಕಾಗಿದ್ದಿತು. ಬರೆದ ಸಂಖ್ಯೆ ನಿಜಕ್ಕಿಂತ ಹೆಚ್ಚಾದರೆ ಕರ್ನೆಲ್ ಇಲ್ಲದ ಮೆಮೊರಿಯನ್ನು ಇದೆಯೆಂದೇ ನಂಬಿ ಕುಸಿದುಬೀಳುತ್ತಿದ್ದಿತು. ಯಂತ್ರ ತಾನೇ ತಿಳಿಯಬೇಕಾದುದನ್ನು ಮನುಷ್ಯನಿಂದ ಹೇಳಿಸಿಕೊಂಡ ಆ ಪದ್ಧತಿಯನ್ನು ಹೊಗಳಲು ನನಗೆ ಕಾರಣ ತೋರದು.

2001ರ ಜನವರಿಯಲ್ಲಿ ಹೊರಬಂದ 2.4ರ ಹೊತ್ತಿಗೆ ಇ820 ಎಂಬ ಕರೆಯ ಮೂಲಕ ಮೆಮೊರಿಯ ನಕ್ಷೆಯನ್ನೇ ಬಯೋಸಿನಿಂದ ಪಡೆಯುವ ಕ್ರಮ ನೆಲೆಗೊಂಡುದು ನಿಸ್ಸಂದೇಹವಾಗಿ ಉತ್ತಮವಾಯಿತು. ಈ ನಕ್ಷೆಯನ್ನು ಕರ್ನೆಲ್ ತಾನು ಎದ್ದೊಡನೆ ದಿನಚರಿಯಲ್ಲಿ ಸಾಲುಸಾಲಾಗಿ ಬರೆದಿಡುತ್ತದೆ. ಓದಬಲ್ಲವನಿಗೆ ಅರ್ಧ ರೋಗನಿದಾನ ಅಲ್ಲಿಯೇ ಆಗಿರುತ್ತದೆ. ಹದಿನಾರರ ಮೂಲದಲ್ಲಿ ಬರೆದ ಆ ವಿಳಾಸಗಳಲ್ಲಿ ಒಂದರ ಮುಂದೆ ಎಂಟು ಸೊನ್ನೆಗಳಿರುವುದೇ 4 ಜಿಬಿಯ ಗಡಿಗಲ್ಲು. ಅಲ್ಲಿಂದ ಹೊರಟು ‘ಯೂಸಬಲ್’ ಎಂದು ಮುಗಿಯುವ ಸಾಲೊಂದಿದ್ದರೆ ಬಯೋಸ್ ತನ್ನ ಕರ್ತವ್ಯ ಮಾಡಿದೆ, ಕೊರತೆಯಿರುವುದು ಕರ್ನೆಲಿನಲ್ಲಿ. ಆ ಸಾಲೇ ಇಲ್ಲದಿದ್ದರೆ, ಪಿಸಿಐ ಸಾಧನಗಳಿಗಾಗಿ 4 ಜಿಬಿಯ ಕೆಳಗೆ ಕಾದಿರಿಸಿದ ವಿಳಾಸಗಳ ಅಡಿಯಲ್ಲಿ ಮುಚ್ಚಿಹೋದ ಮೆಮೊರಿಯನ್ನು ಮೇಲಕ್ಕೆತ್ತುವ ರೀಮ್ಯಾಪ್ ಆಯ್ಕೆಯನ್ನು ಬಯೋಸಿನಲ್ಲಿ ಹುಡುಕಬೇಕಲ್ಲದೆ, ಎಷ್ಟು ಕರ್ನೆಲುಗಳನ್ನು ಬದಲಿಸಿದರೂ ಫಲವಿಲ್ಲ. ಕರ್ನೆಲ್ ಬಯೋಸನ್ನು ಕುರುಡಾಗಿ ನಂಬುವುದೂ ಇಲ್ಲ: 2.6 ಸರಣಿಯ ಉತ್ತರಾರ್ಧದಿಂದೀಚೆಗೆ, ಬಯೋಸ್ ಪ್ರೊಸೆಸರಿನಲ್ಲಿ ಹೊಂದಿಸಿಡುವ ಎಂಟಿಆರ್‌ಆರ್ ರಿಜಿಸ್ಟರುಗಳು ಮೆಮೊರಿಯೆಲ್ಲವನ್ನೂ ಆವರಿಸದಿದ್ದಲ್ಲಿ ಇದು ಬಯೋಸಿನ ದೋಷವೆಂದೂ, ಇಷ್ಟು ಎಂಬಿ ಕಳೆದುಕೊಳ್ಳುತ್ತಿರುವೆನೆಂದೂ ಸ್ಪಷ್ಟವಾಗಿ ಬರೆದು, ಅನಂತರವೇ ಕತ್ತರಿಸುತ್ತದೆ. ನಷ್ಟವನ್ನು ಬಚ್ಚಿಡದ ಈ ಪ್ರಾಮಾಣಿಕತೆ ಪ್ರಶಂಸಾರ್ಹ.

ಇನ್ನು ಪಿಎಇಯ ವಿಚಾರ. 1995ರ ಪೆಂಟಿಯಮ್ ಪ್ರೊ ಪ್ರೊಸೆಸರಿನೊಡನೆ ಬಂದ ಈ ವ್ಯವಸ್ಥೆ ಭೌತಿಕ ವಿಳಾಸವನ್ನು ಮೂವತ್ತಾರು ಬಿಟ್ಟುಗಳಿಗೆ ಹಿಗ್ಗಿಸಿ 64 ಜಿಬಿಯವರೆಗೆ ದಾರಿ ತೆರೆಯಿತು. ಆದರೆ ಕರ್ನೆಲ್ ಒಂದು ಕ್ಷಣದಲ್ಲಿ ನೋಡಬಲ್ಲ ವಿಳಾಸಕ್ಷೇತ್ರವು ಮೂವತ್ತೆರಡು ಬಿಟ್ಟಿನದಾಗಿಯೇ ಉಳಿಯಿತು. ಆ 4 ಜಿಬಿಯಲ್ಲಿ ರೂಢಿಯಂತೆ ಮೂರು ಪಾಲು ಪ್ರಕ್ರಿಯೆಗಳಿಗೆ, ಒಂದು ಪಾಲು ಕರ್ನೆಲಿಗೆ; ಆ ಒಂದು ಪಾಲಿನಲ್ಲಿಯೂ ನೇರವಾಗಿ ನಿಲುಕುವ ಲೋಮೆಮ್ ಭಾಗ ಸುಮಾರು 896 ಎಂಬಿ ಮಾತ್ರ. ಮೇಲಿನದೆಲ್ಲ ಹೈಮೆಮ್, ಬೇಕಾದಾಗ ಕಿಟಕಿ ತೆರೆದು ನೋಡಿ ಮುಚ್ಚತಕ್ಕದ್ದು. ಈಗ ಲೆಕ್ಕ ಹಾಕೋಣ. ಪ್ರತಿಯೊಂದು 4 ಕೆಬಿ ಪುಟಕ್ಕೂ ಕರ್ನೆಲ್ ಸುಮಾರು 32 ಬೈಟುಗಳ ವಿವರವೊಂದನ್ನು ಇಟ್ಟುಕೊಳ್ಳಬೇಕು, ಅದೂ ಲೋಮೆಮ್‌ನಲ್ಲಿಯೇ. 16 ಜಿಬಿಗೆ ಅದು 128 ಎಂಬಿ. 64 ಜಿಬಿಗೆ 512 ಎಂಬಿ, ಎಂದರೆ ಇದ್ದ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು. ಗ್ರಾಮದ ಜಮೀನು ಹದಿನಾರು ಪಟ್ಟು ಬೆಳೆದರೂ ಶಾನುಭೋಗರ ಕಡತಗಳೆಲ್ಲ ಅಜ್ಜನ ಕಾಲದ ಒಂದೇ ಪೆಟ್ಟಿಗೆಯೊಳಗೆ ಇರತಕ್ಕದ್ದೆಂದು ಕಟ್ಟುಮಾಡಿದಂತಾಯಿತು. ಹೀಗಾಗಿಯೇ ‘ಫ್ರೀ’ ಹಲವು ಜಿಬಿ ಖಾಲಿಯಿದೆಯೆಂದು ಸಾರುತ್ತಿರುವಾಗಲೇ, ಲೋಮೆಮ್ ಬರಿದಾಗಿ, ಕರ್ನೆಲಿನ ಓಓಎಂ ಕಿಲ್ಲರ್ ನಿರಪರಾಧಿ ಪ್ರಕ್ರಿಯೆಗಳನ್ನು ಸಂಹರಿಸುವ ವಿಪರ್ಯಾಸ ಸಂಭವಿಸುವುದು. ಮೆಮ್‌ಇನ್ಫೋ ಕಡತದ ‘ಲೋಫ್ರೀ’ ಎಂಬ ಸಾಲು ಅದನ್ನು ಮೊದಲೇ ಹೇಳುತ್ತಿರುತ್ತದೆ, ಓದುವವರು ವಿರಳ. ತಯಾರಕರಿಗೂ ಇದು ತಿಳಿಯದುದಲ್ಲ: ರೆಡ್ ಹ್ಯಾಟ್ ಸಂಸ್ಥೆ ತನ್ನ ಲಿನಕ್ಸಿನ 2007ರ 5ನೆಯ ಆವೃತ್ತಿಯಲ್ಲಿ, ಪ್ರೊಸೆಸರ್ 64 ಜಿಬಿ ತಲುಪಬಲ್ಲುದಾದರೂ, ಪಿಎಇ ಕರ್ನೆಲಿಗೆ 16 ಜಿಬಿಯ ಮಿತಿಯನ್ನೇ ವಿಧಿಸಿತು.

ಹಾಗೆಂದು ಪಿಎಇಯನ್ನು ಸಾರಾಸಗಟಾಗಿ ತಳ್ಳಿಹಾಕುವುದು ಅನ್ಯಾಯ. ದೊಡ್ಡ ಕಡತಗಳನ್ನು ಹಂಚುವ ಸರ್ವರಿಗೆ ಅದು ಚೆನ್ನಾಗಿಯೇ ಒದಗುತ್ತದೆ, ಏಕೆಂದರೆ ಕಡತಗಳ ಒಡಲನ್ನು ಕಾದಿಡುವ ಪುಟಗಳು ಹೈಮೆಮ್‌ನಲ್ಲಿ ನಿಶ್ಚಿಂತವಾಗಿ ಇರಬಲ್ಲವು. ಲಕ್ಷಾಂತರ ಸಣ್ಣ ಕಡತಗಳನ್ನು ಹೊತ್ತ ಅಂಚೆ ಸರ್ವರಿನ ಮಾತು ಬೇರೆ; ಕಡತಗಳ ಹೆಸರು, ಐನೋಡುಗಳ ಸಂಗ್ರಹವೆಲ್ಲ ಲೋಮೆಮ್‌ನಲ್ಲಿಯೇ ಆಗಬೇಕಾದುದರಿಂದ ಅಲ್ಲಿ ಹೊಸ ಮೆಮೊರಿ ಹೆಚ್ಚಿನಂಶ ಅಲಂಕಾರ. ಒಂದೇ ಪ್ರಕ್ರಿಯೆಯಾಗಿ ನಡೆಯುವ ಡೇಟಾಬೇಸಿಗೂ ಮೂರು ಜಿಬಿಯ ಗೋಡೆ ಅಲುಗದು.

ಆದುದರಿಂದ ರ‍್ಯಾಮ್ ಕೊಳ್ಳುವ ಮೊದಲು ಸಿಪಿಯುಇನ್ಫೋ ಕಡತದ ಲಕ್ಷಣಗಳ ಸಾಲಿನಲ್ಲಿ ‘ಎಲ್‌ಎಂ’ ಎಂಬ ಎರಡಕ್ಷರಗಳಿವೆಯೇ ಎಂದು ನೋಡುವುದು ಲೇಸು. ಇದ್ದರೆ ಆ ಪ್ರೊಸೆಸರ್ ಅರುವತ್ತನಾಲ್ಕು ಬಿಟ್ಟಿನದು. ಹಳೆಯ ಮೂವತ್ತೆರಡು ಬಿಟ್ಟಿನ ತಂತ್ರಾಂಶವನ್ನೆಲ್ಲ ಇದ್ದಂತೆಯೇ ಬಿಟ್ಟು ಕರ್ನೆಲನ್ನು ಮಾತ್ರ ಅರುವತ್ತನಾಲ್ಕಕ್ಕೆ ಬದಲಿಸಬಹುದು. ಲೋಮೆಮ್ ಎಂಬ ಇಕ್ಕಟ್ಟು ಅಲ್ಲಿಗೆ ನಿರ್ನಾಮವಾಗುವುದಲ್ಲದೆ, ಹಳೆಯ ಪ್ರಕ್ರಿಯೆಗಳಿಗೂ ಮೂರರ ಬದಲು ಹೆಚ್ಚುಕಡಿಮೆ ನಾಲ್ಕು ಜಿಬಿ ದೊರೆಯುತ್ತದೆ. ಆ ಎರಡಕ್ಷರಗಳಿಲ್ಲದ ಯಂತ್ರಕ್ಕೆ ಪಿಎಇಯೇ ಗತಿ. ಅದಕ್ಕೆ 8 ಜಿಬಿ ಹಾಕಿ ನಿಲ್ಲಿಸುವುದು ವಿವೇಕ.