ಬನವಾಸಿಯ ತೋಟ: ಕಾವ್ಯವೂ ಶಾಸನವೂ

ಪ್ರಾಚೀನ ಕಾವ್ಯಗಳಲ್ಲಿ ಬರುವ ತೋಟ, ಉಪವನ, ಫಲಸಮೃದ್ಧಿಗಳ ವರ್ಣನೆಯನ್ನು ಚರಿತ್ರೆಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡು ಬಗೆಯಾಗಿ ಓದುತ್ತಾರೆ. ಕೆಲವರು ಅದನ್ನು ಆಯಾ ಕಾಲದ ಐಶ್ವರ್ಯಕ್ಕೆ ನೇರವಾದ ಪ್ರಮಾಣವೆಂದು ಸ್ವೀಕರಿಸುತ್ತಾರೆ. ಮತ್ತೆ ಕೆಲವರು ಅಷ್ಟಾದಶವರ್ಣನೆಗಳ ಕಟ್ಟಳೆಗೆ ಸೇರಿದ ಅಲಂಕಾರವೆಂದು ತಳ್ಳಿಹಾಕುತ್ತಾರೆ. ಈ ಎರಡು ಮಾರ್ಗಗಳೂ ಸಾಲವೆಂಬುದನ್ನು ಪಂಪನ ಬನವಾಸಿಯ ವರ್ಣನೆಯೊಂದನ್ನೇ ಆಧಾರವಾಗಿಟ್ಟುಕೊಂಡು ತೋರಿಸುವುದು ನಮ್ಮ ಉದ್ದೇಶ.

941ರಲ್ಲಿ ರಚಿತವಾದ ‘ವಿಕ್ರಮಾರ್ಜುನವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ ಅರ್ಜುನನು ಬನವಾಸಿಗೆ ಬರುತ್ತಾನೆ. ಸೊಗಸುಗೊಂಡ ಮಾಮರ, ದಟ್ಟವಾದ ಎಲೆಬಳ್ಳಿ, ಅರಳಿದ ಜಾಜಿ, ಸಂಪಗೆ, ಕೋಗಿಲೆ, ತುಂಬಿ ಇವೆಲ್ಲವೂ ಅಲ್ಲಿಯ ಪ್ರತಿಯೊಂದು ಬೆಟ್ಟದಲ್ಲಿಯೂ ನಂದನದಲ್ಲಿಯೂ ಉಂಟೆಂದು ಕವಿ ಹೇಳುತ್ತಾನೆ. ಅಂಥ ನಾಡಿನಲ್ಲಿ ಮನುಷ್ಯನಾಗಿ ಹುಟ್ಟಲಾಗದಿದ್ದರೆ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆಂಬುದು ಅವನ ಹಂಬಲ.

ಇದನ್ನು ಉತ್ಪನ್ನದ ಲೆಕ್ಕವೆಂದು ತಿಳಿಯುವುದು ಅಸಾಧ್ಯ. ಮಾವು ಚಿಗುರಿ ಹೂತು ಕಾಯಾಗುವ ಕಾಲವೂ ಜಾಜಿ ಹೇರಳವಾಗಿ ಅರಳುವ ಮಳೆಗಾಲವೂ ಒಂದಲ್ಲ. ಕವಿಯ ತೋಟದಲ್ಲಿ ಋತುಗಳೆಲ್ಲ ಒಮ್ಮೆಗೇ ಬಂದು ನಿಂತಿವೆ. ಅಲ್ಲದೆ ಪಂಪನು ಆಶ್ರಯ ಪಡೆದಿದ್ದುದು ದೂರದ ವೇಮುಲವಾಡದಲ್ಲಿ, ಚಾಳುಕ್ಯ ಅರಿಕೇಸರಿಯ ಆಸ್ಥಾನದಲ್ಲಿ. ಆದುದರಿಂದ ಇದು ಕಣ್ಣೆದುರಿನ ಚಿತ್ರವೆನ್ನುವುದಕ್ಕಿಂತ ನೆನಪಿನ ಚಿತ್ರವೆನ್ನುವುದೇ ಯುಕ್ತ.

ಲೆಕ್ಕ ಬೇಕಾದವರು ಶಾಸನಗಳ ಬಳಿಗೆ ಹೋಗಬೇಕು. ಬನವಾಸಿ ಪನ್ನಿರ್ಚ್ಛಾಸಿರಕ್ಕೆ ಸೇರಿದ ಅನೇಕ ಶಾಸನಗಳು ರೈಸರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 7 ಮತ್ತು 8ನೆಯ ಸಂಪುಟಗಳಲ್ಲಿವೆ. ಈ ಬಗೆಯ ದಾನಶಾಸನಗಳಲ್ಲಿ ತೋಟವು ಮತ್ತರು, ಕಮ್ಮಗಳಲ್ಲಿ ಅಳೆಯಲ್ಪಟ್ಟಿದೆ. ಅದು ಯಾವ ಕೆರೆಯ ಕೆಳಗಿದೆ, ಅದರ ಎಲ್ಲೆ ಯಾವುದು, ಯಾವ ದೇವರಿಗೆ ಸಲ್ಲುತ್ತದೆ ಎಂಬುದು ಅಲ್ಲಿ ಸ್ಪಷ್ಟ. ಎಲೆಯಡಕೆಯ ಹೇರಿನ ಮೇಲಿನ ಸುಂಕವೂ ಉಲ್ಲೇಖಗೊಳ್ಳುತ್ತದೆ. ಕವಿಗೆ ಸೊಬಗಾಗಿದ್ದ ಎಲೆಬಳ್ಳಿ ಅಧಿಕಾರಿಗೆ ಆದಾಯವಾಗಿತ್ತು.

ಇನ್ನು ತೋಟಗಾರಿಕೆಯ ತಿಳಿವಳಿಕೆಗೆ ಪಶ್ಚಿಮ ಚಾಲುಕ್ಯರ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ ಚಾವುಂಡರಾಯನು ಬರೆದ ‘ಲೋಕೋಪಕಾರ’ವನ್ನು ನೋಡಬೇಕು. ನೆಲದೊಳಗಿನ ನೀರನ್ನು ಗುರುತಿಸುವ ಬಗೆ, ವೃಕ್ಷಾಯುರ್ವೇದ, ಸುಗಂಧದ್ರವ್ಯ, ಸೂಪಶಾಸ್ತ್ರ ಇವುಗಳೆಲ್ಲ ಒಂದೇ ಗ್ರಂಥದಲ್ಲಿ ಸೇರಿರುವುದು ಅರ್ಥವತ್ತಾಗಿದೆ. ಬಾವಿಯಿಂದ ಗಿಡಕ್ಕೆ, ಗಿಡದಿಂದ ಮನೆಗೆ, ಮನೆಯಲ್ಲಿ ಅಡಿಗೆಗೆ ಹೋಗುವ ದಾರಿಯನ್ನು ಅದು ಕಾಣಿಸುತ್ತದೆ. ಸಮೃದ್ಧಿ ತಾನಾಗಿ ಬರುವುದಲ್ಲ, ಅದನ್ನು ಆರೈಕೆಯಿಂದ ಪಡೆಯಬೇಕೆಂಬ ಅರಿವು ಅಲ್ಲಿದೆ.

ಹಾಗಾದರೆ ಪಂಪನ ಪದ್ಯಗಳಿಂದ ಚರಿತ್ರಕಾರನಿಗೆ ದೊರೆಯುವುದೇನು? ಶಾಸನವಾಗಲಿ ಶಾಸ್ತ್ರವಾಗಲಿ ಹೇಳದಿರುವ ಒಂದು ಸಂಗತಿ ದೊರೆಯುತ್ತದೆ. ಬನವಾಸಿಯನ್ನು ನೆನಪಿಗೆ ತರುವ ನಿಮಿತ್ತಗಳೆಂದು ಅವನು ಎಣಿಸುವವು ತೆಂಕಣದ ಗಾಳಿ, ಒಳ್ಳೆಯ ಮಾತು, ಇಂಪಾದ ಹಾಡು, ಬಿರಿದ ಮಲ್ಲಿಗೆ ಮೊದಲಾದುವು. ಇವುಗಳಲ್ಲಿ ಒಂದಕ್ಕೂ ಅರಸನ ಬೊಕ್ಕಸ ಬೇಕಿಲ್ಲ. ನಾಡಿನ ಹಿರಿಮೆಯನ್ನು ಆನೆ ಕುದುರೆಗಳಿಂದಲ್ಲದೆ ದಿನನಿತ್ಯದ ಇಂಥ ಸುಖಗಳಿಂದ ಅಳೆಯಬಹುದೆಂದು ಹತ್ತನೆಯ ಶತಮಾನದ ರಾಜಾಸ್ಥಾನದ ಕವಿಯೊಬ್ಬನು ಭಾವಿಸಿದ್ದನೆಂಬುದೇ ಇಲ್ಲಿಯ ಬೆಲೆಯುಳ್ಳ ಸಾಕ್ಷ್ಯ. ವರ್ಣನೆಯ ಕಟ್ಟಳೆ ಮಾವನ್ನೂ ಕೋಗಿಲೆಯನ್ನೂ ಒದಗಿಸಬಲ್ಲುದು. ಈ ಹಂಬಲವನ್ನು ಒದಗಿಸಲಾರದು.

ಆದರೂ ಈ ಸುಖದ ಮಿತಿಯನ್ನು ಮರೆಯುವಂತಿಲ್ಲ. ಪಂಪನು ಅರಿಕೇಸರಿಯಿಂದ ಧರ್ಮವುರವೆಂಬ ಅಗ್ರಹಾರವನ್ನು ಪಡೆದವನು. ತೋಟದ ಫಲವನ್ನು ಉಣ್ಣುವವರ ಸಾಲಿಗೆ ಸೇರಿದವನು. ಅಡಕೆಯ ಸಸಿಗೆ ಹಲವು ವರ್ಷ ನೀರೆರೆದು ಕಾದವನು, ಎಲೆಬಳ್ಳಿಯನ್ನು ಮರಕ್ಕೆ ಕಟ್ಟಿದವನು ಆ ಪದ್ಯಗಳಲ್ಲಿ ಕಾಣುವುದಿಲ್ಲ. ಶಾಸನದಲ್ಲಿ ಭೂಮಿಯ ಎಲ್ಲೆಯುಂಟು, ದುಡಿದವನ ಮಾತಿಲ್ಲ. ‘ಲೋಕೋಪಕಾರ’ದಲ್ಲಿ ಅವನ ಕುಶಲತೆಯುಂಟು, ಅವನಿಲ್ಲ. ಮೂರು ಆಕರಗಳೂ ಒಂದೇ ಕಡೆ ಮೌನವಾಗಿರುವುದು ಆಕಸ್ಮಿಕವಲ್ಲ; ಆ ಮೌನವನ್ನೂ ಆಕರವೆಂದೇ ಗಣಿಸಬೇಕು.

ಇಂದಿನ ಭೂದೃಶ್ಯವನ್ನು ಹಿಂದಕ್ಕೆ ಒಯ್ಯುವುದರಲ್ಲಿಯೂ ಎಚ್ಚರ ಅವಶ್ಯ. ವರದಾ ತೀರದ ಬನವಾಸಿಯ ಸುತ್ತ ಈಗ ಕಾಣುವ ಅನಾನಸು ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರು ಬರುವುದಕ್ಕೆ ಮೊದಲು ಅದು ಇಲ್ಲಿರಲಿಲ್ಲ. ಚಾವುಂಡರಾಯನ ಅಡಿಗೆಯಲ್ಲಿ ಮೆಣಸಿನಕಾಯಿಗೂ ಎಡೆಯಿರಲಾರದು.

ಆದಕಾರಣ ತರಗತಿಗಳಲ್ಲಿ ಬನವಾಸಿಯ ಪದ್ಯಗಳನ್ನು ಬೋಧಿಸುವಾಗ ಅದೇ ನಾಡಿನ ದಾನಶಾಸನವೊಂದನ್ನು ಜೊತೆಯಲ್ಲಿಟ್ಟು ಓದಿಸುವುದು ಮೇಲೆಂದು ನಾವು ಸೂಚಿಸುತ್ತೇವೆ. ಆಗ ಕಾವ್ಯದ ಸವಿ ಕುಂದುವುದಿಲ್ಲ. ತೋಟದ ಸುಖವು ಯಾರಿಗೆ ದೊರೆಯಿತು, ಯಾರ ದುಡಿಮೆಯಿಂದ ದೊರೆಯಿತು ಎಂಬ ಪ್ರಶ್ನೆ ಮಾತ್ರ ವಿದ್ಯಾರ್ಥಿಯ ಮನಸ್ಸಿನಲ್ಲಿ ಉಳಿಯುತ್ತದೆ. ಚರಿತ್ರೆಯ ಅಧ್ಯಯನಕ್ಕೆ ಆ ಪ್ರಶ್ನೆಯೇ ಮೊದಲು.